ಲೇಔಟ್‌ನಲ್ಲಿ ಸೈಟ್ ತಗೊಳ್ಳೋರು ಮೊದಲು ಒಳಚರಂಡಿಯ ಕೊನೇ ಚೇಂಬರ್ ತೆಗೆಸಿ ನೋಡಿ

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಗದ್ದೆ ಬಯಲನ್ನ ಕನ್ವರ್ಟ್ ಮಾಡಿಸಿ ಹಾಕಿರೋ ಲೇಔಟ್‌ಗಳಲ್ಲಿ ಸೈಟ್ ನೋಡ್ತಿರೋರು ದಯವಿಟ್ಟು ಪೂರ್ತಿ ಓದಿ. ಡಿಸಿ ಕನ್ವರ್ಷನ್ ಇದೆ, ಪ್ರಾಧಿಕಾರದ ಅಪ್ರೂವಲ್ ಇದೆ, ರೇರಾ ನಂಬರ್ ಇದೆ, ಬ್ಯಾಂಕ್‌ನವರು ಸಾಲ ಕೊಡ್ತಾರೆ ಅಂತ ಧೈರ್ಯ ಮಾಡಬೇಡಿ. ನಮ್ಮ ಲೇಔಟ್‌ಗೂ ಅದೆಲ್ಲ ಇತ್ತು. ಬ್ರೋಷರ್‌ನಲ್ಲಿ ಯುಜಿಡಿ (ಒಳಚರಂಡಿ), ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕ) ಅಂತ ದಪ್ಪಕ್ಷರದಲ್ಲಿ ಹಾಕಿದ್ರು. ರಸ್ತೆಯುದ್ದಕ್ಕೂ ಮ್ಯಾನ್‌ಹೋಲ್ ಮುಚ್ಚಳ ಸಾಲಾಗಿ ಕಾಣಿಸ್ತಿದ್ದವು. ಅದರ ಕೆಳಗಿನ ಪೈಪು ಎಲ್ಲಿಗೂ ಹೋಗ್ತಿರಲಿಲ್ಲ.

ಹೌದು, ಎಲ್ಲಿಗೂ ಇಲ್ಲ. ಜೋರು ಮಳೆಗೆ ಕೆಳಗಿನ ಸಾಲಿನ ಮನೆಗಳ ಬಚ್ಚಲಲ್ಲಿ ಕೊಳಚೆ ಉಕ್ಕಿತು. ಆಗ ಕೊನೇ ಚೇಂಬರ್ ಎತ್ತಿಸಿದ್ವಿ. ಒಳಗೆ ಬರೋ ಪೈಪ್ ಇದೆ, ಹೊರಗೆ ಹೋಗೋ ಪೈಪ್ ಇಲ್ಲ. ಆ ಕಡೆ ಇಟ್ಟಿಗೆ ಕಟ್ಟಿ ಸಿಮೆಂಟ್ ಬಳಿದಿದ್ದಾರೆ. ಮೇಲ್ಗಡೆ ಗೋಡೆಯಲ್ಲಿ ಒಂದು ತೂತು, ಅದು ನೇರ ಹಳೇ ಗದ್ದೆ ಕಾಲುವೆಗೆ. ತುಂಬಿದ್ದು ಕಾಲುವೆಗೆ ಚೆಲ್ಲಲಿ ಅಂತಲೇ ಬಿಟ್ಟಿರೋದು! ಮಳೆಯಲ್ಲಿ ಕಾಲುವೆ ಏರಿದಾಗ ಅದೇ ತೂತಿಂದ ನೀರು ಒಳಕ್ಕೆ ನುಗ್ಗಿ ಮನೆಗಳ ಕಡೆ ತಿರುಗಿದೆ. ಕೆಳಗಿನ ಹೊಲದ ರೈತರು ಗೇಟಿಗೆ ಬಂದು "ನಿಮ್ಮ ಹೇಲು ನಮ್ಮ ಗದ್ದೆಗೆ ಬರ್ತಿದೆ, ನೀವು ಓದಿದೋರಲ್ವಾ" ಅಂದಾಗ ತಲೆ ಎತ್ತೋಕಾಗಲಿಲ್ಲ. ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ಕೊಳಚೆ ಸೇರಿ ಅಲ್ಲಿನ ಜನ ವರ್ಷಗಟ್ಟಲೆ ಹೋರಾಡ್ತಿರೋದು ಎಲ್ಲರಿಗೂ ಗೊತ್ತಿದೆ.

ಡೆವಲಪರ್ ಕಡೆಯವರ ಉತ್ತರ ಕೇಳಿ. ಮೊದಲು: "ಸಾರ್, ಒಳಗಿನ ಲೈನ್ ಹಾಕೋದಷ್ಟೇ ನಮ್ಮ ಕೆಲಸ, ಹೊರಗೆ ಒಯ್ಯೋದು ಪಂಚಾಯ್ತಿ ಕೆಲಸ." ಆ ಪಂಚಾಯ್ತಿಗೆ ಒಳಚರಂಡಿ ಜಾಲವೇ ಇಲ್ಲ, ಅದು ಇವರಿಗೆ ಗೊತ್ತಿತ್ತು. ಎಸ್‌ಟಿಪಿ ಯಾಕೆ ಓಡ್ತಿಲ್ಲ ಅಂದ್ರೆ: "ಮನೆ ತುಂಬಲಿ ಸಾರ್, ಆಮೇಲೆ ಆನ್ ಮಾಡ್ತೀವಿ." ಇನ್ನೂ ಜೋರು ಮಾಡಿದ್ರೆ: "ರೋಡು, ಪಾರ್ಕು ಎಲ್ಲಾ ಪಂಚಾಯ್ತಿಗೆ ಬರ್ಕೊಟ್ಟಾಯ್ತು, ಈಗ ನಮ್ದೇನಿಲ್ಲ." ಸೈಟ್ ಮಾರುವಾಗ ಎಸ್‌ಟಿಪಿ ಅವರದ್ದು, ಕೊಳಚೆ ಉಕ್ಕಿದಾಗ ಪಂಚಾಯ್ತಿದು!

ಇದು ಮರೆತು ಬಿಟ್ಟು ಹೋದ ಕೆಲಸ ಅಲ್ಲ, ಬೇಕಂತಲೇ ಬಿಟ್ಟಿರೋದು. ಲೆಕ್ಕ ಹೇಳ್ತೀನಿ. 150 ಮಿ.ಮೀ. ಪೈಪಿಗೆ ಕನಿಷ್ಠ ಇಳಿಜಾರು ಸುಮಾರು 170ಕ್ಕೆ 1 ಅಂತ ಕೇಂದ್ರ ಸರ್ಕಾರದ ಒಳಚರಂಡಿ ಕೈಪಿಡಿ (ಸಿಪಿಎಚ್‌ಇಇಒ) ಹೇಳುತ್ತೆ; 200 ಮಿ.ಮೀ.ಗೆ 250ಕ್ಕೆ 1. ಅಂದ್ರೆ 150ರ ಲೈನು 400 ಮೀಟರ್ ಹೋದ್ರೆ ಸುಮಾರು 2.35 ಮೀಟರ್ ಕೆಳಗಿಳಿಯಬೇಕು. ಮೊದಲ ಚೇಂಬರ್ 0.9 ಮೀಟರ್ ಆಳ ಇದ್ರೆ ಸಮತಟ್ಟು ನೆಲದಲ್ಲಿ ಕೊನೇದು 3.25 ಮೀಟರ್ ಆಳ ಇರಬೇಕು. ನಮ್ಮಲ್ಲಿ ಮೊದಲನೇದೂ ಒಂದು ಮೀಟರ್, ಕೊನೇದೂ ಒಂದು ಮೀಟರ್. ಗದ್ದೆ ಮಟ್ಟ ಮಾಡಿ ಜೆಸಿಬಿಯಲ್ಲಿ ಮಣ್ಣು ತುಂಬಿದ ನೆಲ ಅದು, ಪೈಪಿಗೆ ಸಾಲೋವಷ್ಟು ಸಹಜ ಇಳಿಜಾರೂ ಉಳಿದಿಲ್ಲ. ಸಾಲದ್ದಕ್ಕೆ ತುಂಬಿದ ಮಣ್ಣನ್ನ ರೋಲರ್ ಹೊಡೆದು ಗಟ್ಟಿ ಮಾಡದೆ, ಕೆಳಗೆ ಮರಳೂ ಹಾಕದೆ ಪೈಪ್ ಮಲಗಿಸಿದ್ದಾರೆ. ಮಳೆಗೆ ಮಣ್ಣು ಕುಸಿದು ಪೈಪು ಅಲ್ಲಲ್ಲಿ ಹೊಟ್ಟೆ ಬಿಟ್ಟಿದೆ. ನೀರು ಮುಂದೆ ಜಾರುತ್ತೆ, ಗಟ್ಟಿ ಅಲ್ಲೇ ಕೂರುತ್ತೆ. ಜೋಡಣೆಯಲ್ಲಿ ರಬ್ಬರ್ ರಿಂಗ್ ಇಲ್ಲದ ಕಡೆಯೆಲ್ಲ ಅಂತರ್ಜಲ ಒಳಕ್ಕೆ.

ಎಸ್‌ಟಿಪಿ ಎಲ್ಲಿದೆ ಗೊತ್ತಾ? ಮೇಲ್ಗಡೆ ಗೇಟ್ ಪಕ್ಕ! ತಗ್ಗಿನ ಜಾಗವನ್ನೆಲ್ಲ ಸೈಟ್ ಮಾಡಿ ಮಾರಿ, ಉಳಿದ ಮೂಲೆಗೆ ಅದನ್ನ ತಳ್ಳಿದ್ದಾರೆ. ಕೊಳಚೆ ಅಲ್ಲಿಗೆ ಏರಬೇಕಂದ್ರೆ ಕೆಳಗೆ ಸಂಪು, ಎರಡು ಪಂಪು, ಕರೆಂಟ್ ಹೋದಾಗ ಜನರೇಟರ್ ಬೇಕು. ಒಂದೂ ಇಲ್ಲ. ಕಾಂಕ್ರೀಟ್ ತೊಟ್ಟಿ ಇದೆ, ಗಾಳಿ ಊದೋ ಬ್ಲೋವರ್ ಇಲ್ಲ, ಬೆಸ್ಕಾಂ ಮೀಟರೇ ಇಲ್ಲ. ನೀವು ನೋಡೋಕೆ ಹೋದಾಗ ಎಸ್‌ಟಿಪಿಯ ಕರೆಂಟ್ ಸಂಪರ್ಕದ ಆರ್‌ಆರ್ ನಂಬರ್ ಕೇಳಿ, ಹಿಂದಿನ ಬಿಲ್ ಕೇಳಿ. ಓಡ್ತಿರೋ ಪ್ಲಾಂಟಿಗೆ ಬಿಲ್ ಬಂದೇ ಬರುತ್ತೆ.

"ಮನೆ ತುಂಬಲಿ" ಅನ್ನೋ ಮಾತಿಗೂ ಉತ್ತರ ಇದೆ. 180 ಸೈಟು, ಮನೆಗೆ 5 ಜನ, ತಲೆಗೆ 135 ಲೀಟರ್, ಅದರಲ್ಲಿ 80 ಶೇಕಡಾ ಕೊಳಚೆ ಅಂದ್ರೆ ದಿನಕ್ಕೆ 97,200 ಲೀಟರ್. ಅದಕ್ಕೆ 100 ಕೆಎಲ್‌ಡಿ (ದಿನಕ್ಕೆ 1 ಲಕ್ಷ ಲೀಟರ್) ಅಂತ ಒಂದೇ ತೊಟ್ಟಿ ಕಟ್ಟಿದ್ದಾರೆ. ಮನೆ ಎದ್ದಿರೋದು 30, ತಲಾ 4 ಜನ ಅಂದ್ರೂ ಬರೋದು ಸುಮಾರು 13,000 ಲೀಟರ್. ಅಷ್ಟು ದೊಡ್ಡ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗೆ ಆಹಾರವೇ ಸಾಲಲ್ಲ, ಸೊರಗಿ ಸಾಯುತ್ತೆ, ಬರೀ ಕರೆಂಟ್ ಖರ್ಚು. ಸೈಟ್ ಲೇಔಟ್ ಒಂದೇ ಸಲ ತುಂಬಲ್ಲ ಅಂತ ಈ ದಂಧೆಯಲ್ಲಿರೋ ಎಲ್ಲರಿಗೂ ಗೊತ್ತು. 25 ಕೆಎಲ್‌ಡಿಯಂತೆ ನಾಲ್ಕು ಭಾಗ ಕಟ್ಟಿದ್ರೆ ಮೊದಲನೇದನ್ನ ಅರ್ಧ ಭಾರದಲ್ಲಿ ಇವತ್ತೇ ಓಡಿಸಬಹುದಿತ್ತು.

ಆಮೇಲೆ ಅವರೇ ಕೊಟ್ಟ ಪರಿಹಾರ: "ಸದ್ಯಕ್ಕೆ ಒಬ್ಬೊಬ್ರೂ ಕೊಳಚೆ ಇಂಗೋ ಸೋಕ್ ಪಿಟ್ ತೆಗೆಸ್ಕೊಳ್ಳಿ." ಕೆರೆ ಕೆಳಗಿನ ಅಚ್ಚುಕಟ್ಟು ಗದ್ದೆಯಲ್ಲಿ ಪಿಟ್! ಮಳೆಗಾಲದಲ್ಲಿ ನಾಲ್ಕೈದು ಅಡಿ ತೋಡಿದ್ರೆ ನೀರು ಜಿನುಗೋ ಜಾಗ. ಭತ್ತಕ್ಕೆ ನೀರು ನಿಲ್ಲಲಿ ಅಂತ ಕೆಸರು ಕಲಸಿ ಕಲಸಿ ಗಟ್ಟಿಯಾದ ಜೇಡಿ ಅದು, ಇಂಗಲ್ಲ. ಗುಂಡಿ ತೋಡಿ ಹಿಂದಿನ ರಾತ್ರಿ ನೀರು ತುಂಬಿಸಿಟ್ಟು, ಮಾರನೇ ದಿನ ಮತ್ತೆ ನೀರು ಹಾಕಿ ಅಳೆಯಿರಿ. 25 ಮಿ.ಮೀ. ಇಳಿಯೋಕೆ 30 ನಿಮಿಷಕ್ಕಿಂತ ಜಾಸ್ತಿ ಹಿಡಿದ್ರೆ ಅಲ್ಲಿ ಸೋಕ್ ಪಿಟ್ ಕೆಲಸಕ್ಕೆ ಬರಲ್ಲ. ಇದನ್ನ ಮಳೆ ಮುಗಿದ ಹೊಸತರಲ್ಲೇ ಮಾಡಿ, ಮಾರ್ಚ್‌ನಲ್ಲಿ ಎಲ್ಲಾ ನೆಲವೂ ನೀರು ಕುಡಿಯುತ್ತೆ. ಇನ್ನೊಂದು ವಿಷಯ: ಕುಡಿಯೋ ನೀರಿನ ಬಾವಿಗೂ ಪಿಟ್ಟಿಗೂ 18 ಮೀಟರ್ ಇರಬೇಕು ಅನ್ನುತ್ತೆ ಸೆಪ್ಟಿಕ್ ಟ್ಯಾಂಕ್‌ಗಳ ಭಾರತೀಯ ಮಾನಕ ಐಎಸ್ 2470. 18 ಮೀಟರ್ ಅಂದ್ರೆ 59 ಅಡಿ. 30-40 ಸೈಟಿನ ಮೂಲೆಯಿಂದ ಮೂಲೆಗೆ ಅಳೆದ್ರೂ 50 ಅಡಿ. ನಿಮ್ಮ ಬೋರ್‌ವೆಲ್ಲೇ ತಪ್ಪಿಸ್ಕೊಳ್ಳಲ್ಲ, ಪಕ್ಕದವರದ್ದು ಬಿಡಿ.

ಕಟ್ಟಿಕೊಂಡ ಚೇಂಬರ್ ಬಿಡಿಸೋಕೆ ಅವರು ಕಳಿಸಿದ್ದು ಜೆಟ್ಟಿಂಗ್ ಮೆಷಿನ್ ಅಲ್ಲ, ಹಗ್ಗ ಹಿಡಿದ ಇಬ್ಬರು ಹುಡುಗರನ್ನ. ಇಳಿಸೋಕೆ ಬಿಡಲಿಲ್ಲ. ಒಳಗಿನ ಗ್ಯಾಸ್‌ಗೆ ಕ್ಷಣದಲ್ಲಿ ಪ್ರಾಣ ಹೋಗುತ್ತೆ, ಮಲ ಹೊರೋ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಹಾಗೆ ಇಳಿಸೋದೇ ಅಪರಾಧ. ಯಾರೇ ಇಳಿಸೋಕೆ ಬಂದ್ರೂ ತಡೀರಿ.

ಸೈಟ್ ನೋಡೋಕೆ ಹೋಗುವಾಗ ಟೇಪು, ಟಾರ್ಚು, ಕನ್ನಡಿ ಇಟ್ಕೊಳ್ಳಿ. ಒಂದು ಚೇಂಬರ್‌ನಿಂದ ಟಾರ್ಚ್ ಬಿಟ್ಟು ಮುಂದಿನದರಲ್ಲಿ ಕನ್ನಡಿ ಇಳಿಸಿ ಮೇಲಿಂದಲೇ ನೋಡಿ. ಬೆಳಕು ಪೂರ್ತಿ ದುಂಡಗೆ ಕಂಡ್ರೆ ಪೈಪ್ ನೇರ ಇದೆ, ಅರ್ಧ ಕಂಡ್ರೆ ಕುಸಿದಿದೆ. ಮೊದಲ ಚೇಂಬರ್, ಕೊನೇ ಚೇಂಬರ್ ಎರಡರ ಆಳ ಅಳೆಯಿರಿ. ಸರ್ಕಾರದ ಸರ್ವೆ ನಕ್ಷೆ ತೋರಿಸೋ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿ ಹಳ್ಳ, ಕಾಲುವೆ ಎಲ್ಲಿದೆ ನೋಡಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಿಎಫ್‌ಇ ತೋರಿಸಿ ಸುಮ್ಮನಾಗಿಸ್ತಾರೆ. ಅದು ಕಟ್ಟೋಕೆ ಕೊಟ್ಟ ಒಪ್ಪಿಗೆ. ಓಡಿಸೋಕೆ ಬೇಕಾದ್ದು ಸಿಎಫ್‌ಓ, ಅದನ್ನ ಕೇಳಿ.

ನಮ್ಮ ದೂರು ಈಗ ಮಂಡಳಿಯಲ್ಲೂ ಇದೆ, ರೇರಾದಲ್ಲೂ ಇದೆ. ಸ್ವಾಧೀನ ಕೊಟ್ಟ 5 ವರ್ಷದೊಳಗೆ ಸೇವೆಗಳ ದೋಷ ಕಂಡ್ರೆ ಡೆವಲಪರ್ 30 ದಿನದಲ್ಲಿ ಸ್ವಂತ ಖರ್ಚಲ್ಲಿ ಸರಿ ಮಾಡಬೇಕು ಅಂತ ರೇರಾ ಕಾಯ್ದೆಯ 14ನೇ ಸೆಕ್ಷನ್‌ನಲ್ಲಿದೆ, ಅದನ್ನೇ ಹಿಡಿದು ಹೋಗಿದ್ದೀವಿ. ಇಷ್ಟಾದ್ರೂ ಎರಡನೇ ಹಂತದ ಸೈಟ್ ಮಾರಾಟ ನಡೀತಾನೇ ಇದೆ, ಅದೇ ಬ್ರೋಷರ್, ಅದೇ ದಪ್ಪಕ್ಷರ. ಅಡ್ವಾನ್ಸ್ ಕೊಟ್ಟಿರೋರು ಚೇಂಬರ್‌ಗಳ ಮಟ್ಟ ತೋರಿಸೋ ಸೆಕ್ಷನ್ ಡ್ರಾಯಿಂಗ್ ಕೇಳಿ. ಅದು ಕೈಗೆ ಬರೋವರೆಗೂ ಸಬ್‌ರಿಜಿಸ್ಟ್ರಾರ್ ಆಫೀಸ್ ಕಡೆ ಹೋಗಬೇಡಿ.