ಹೈಲೈಟ್ಸ್ ಹೋಗಿ ಕಂದು ಬರಬೇಕೆ? ಕಾಸ್ಟಿಂಗ್ ಕ್ರೀಮ್ ಗ್ಲಾಸ್ 535 ಮತ್ತು 400ರ ವಿಮರ್ಶೆ

ಬ್ಲೀಚ್ ಮಾಡಿಸಿ ಹೈಲೈಟ್ಸ್ ಹಾಕಿಸಿಕೊಂಡ ಕೂದಲನ್ನು ಮನೆಯಲ್ಲೇ ಮತ್ತೆ ಕಂದಿಗೆ ತರಲು ಲೋರಿಯಲ್ ಪ್ಯಾರಿಸ್‌ನ ಕಾಸ್ಟಿಂಗ್ ಕ್ರೀಮ್ ಗ್ಲಾಸ್ ಒಳ್ಳೆಯ ಆಯ್ಕೆ. ಆದರೆ ಶೇಡ್ ಸರಿಯಾಗಿ ಆರಿಸಬೇಕು. ಅಂಗಡಿಯಲ್ಲಿ ನಿಂತವರ ಕೈ ಸಾಮಾನ್ಯವಾಗಿ ಹೋಗುವುದು ‘ಡಾರ್ಕ್ ಬ್ರೌನ್’ ಎಂದು ಬರೆದ 400ರ ಡಬ್ಬಿಗೆ. ಹೈಲೈಟ್ಸ್ ಮೇಲೆ ಮೊದಲ ಸುತ್ತಿಗೆ ತೆಗೆದುಕೊಳ್ಳಬೇಕಾದದ್ದು 535 ಚಾಕೊಲೇಟ್. 400ರ ಸರದಿ ಆಮೇಲೆ, ಅದೂ ಎಲ್ಲರಿಗೂ ಬೇಕಾಗುವುದಿಲ್ಲ.

ಯಾಕೆ ಹೀಗೆ ಎಂದು ತಿಳಿದರೆ ಡಬ್ಬಿಯ ಮೇಲಿನ ಫೋಟೊಗೆ ಮರುಳಾಗುವುದು ತಪ್ಪುತ್ತದೆ. ಸಲೂನ್‌ನವರು ಕೂದಲಿನ ಬಣ್ಣವನ್ನು 1ರಿಂದ 10ರವರೆಗಿನ ಲೆವೆಲ್‌ಗಳಲ್ಲಿ ಅಳೆಯುತ್ತಾರೆ. 1 ಎಂದರೆ ಅಪ್ಪಟ ಕಪ್ಪು, 10 ಎಂದರೆ ಅತಿ ತಿಳಿಯಾದ ಬ್ಲಾಂಡ್. ನಮ್ಮ ಕಡೆಯವರ ಸಹಜ ಕೂದಲು ಬಹುಮಟ್ಟಿಗೆ 1ರಿಂದ 3ರೊಳಗೆ ಇರುತ್ತದೆ. ಬ್ಲೀಚ್ ಒಂದೊಂದೇ ಲೆವೆಲ್ ಹತ್ತಿಸುತ್ತಾ ಹೋದಂತೆ ಒಳಗೆ ಅಡಗಿದ್ದ ಬಣ್ಣ ಹೊರಬೀಳುತ್ತದೆ: 4ರ ಹತ್ತಿರ ಕೆಂಪು, 6ರಲ್ಲಿ ಕಿತ್ತಳೆ, 7ರಲ್ಲಿ ಹಳದಿ ಬೆರೆತ ಕಿತ್ತಳೆ, 8ರಲ್ಲಿ ಹಳದಿ, 10ರ ಹತ್ತಿರ ಬಾಳೆಹಣ್ಣಿನ ಸಿಪ್ಪೆಯ ಒಳಮೈಯಂಥ ಬಿಳಿಹಳದಿ. ಕಂದು ಬಣ್ಣ ಆಗುವುದು ಕೆಂಪು, ಹಳದಿ, ನೀಲಿ ಮೂರೂ ಕೂಡಿದಾಗ. 8ನೇ ಲೆವೆಲ್‌ಗೆ ಬಂದ ಎಳೆಯಲ್ಲಿ ಹಳದಿ ಮಾತ್ರ ಉಳಿದಿದೆ, ಕೆಂಪು ಪೂರ್ತಿ ಹೋಗಿದೆ. ಅದರ ಮೇಲೆ ತಣ್ಣನೆಯ, ಅಂದರೆ ಕೆಂಪು ಹೊನ್ನುಗಳ ಬಿಸುಪಿಲ್ಲದ ಕಂದು ಹಚ್ಚಿದರೆ ಕಲರ್‌ನಲ್ಲಿರುವ ನೀಲಿ ಮತ್ತು ಕೂದಲಿನ ಹಳದಿ ಸೇರಿ ಪಾಚಿಯ ಛಾಯೆ ಬರುತ್ತದೆ. ‘ಕಂದು ಹಚ್ಚಿದೆ, ಹಸಿರಾಯಿತು’ ಎಂಬ ದೂರುಗಳ ಹಿಂದೆ ಹೆಚ್ಚಿನ ಸಲ ಇರುವುದು ಇದೇ ಲೆಕ್ಕ.

ಈಗ ಡಬ್ಬಿಯ ಮೇಲಿನ ಅಂಕಿಗಳನ್ನು ಓದಿ. ಮೊದಲ ಅಂಕಿ ಲೆವೆಲ್, ಆಮೇಲಿನವು ಛಾಯೆ. ಲೋರಿಯಲ್‌ನ ಪದ್ಧತಿಯಲ್ಲಿ 1 ಬೂದು, 3 ಹೊನ್ನು, 4 ತಾಮ್ರ, 5 ಮಹೋಗನಿ, 6 ಕೆಂಪು, 0 ಎಂದರೆ ಯಾವ ಛಾಯೆಯೂ ಮೇಲುಗೈ ಆಗದ ಸಮಬಣ್ಣ. ಹಾಗಾಗಿ 535 ಎಂದರೆ 5ನೇ ಲೆವೆಲ್‌ನ ಕಂದು, ಜೊತೆಗೆ ಹೊನ್ನು ಮತ್ತು ಕೆಂಪಿನತ್ತ ವಾಲುವ ಮಹೋಗನಿ. ಬ್ಲೀಚ್ ಕಿತ್ತುಕೊಂಡು ಹೋದದ್ದನ್ನೇ ಇದು ತುಂಬಿಕೊಡುತ್ತದೆ. ಸಲೂನ್‌ನಲ್ಲಿ ಇದಕ್ಕೆ ಫಿಲ್ಲಿಂಗ್ ಎನ್ನುತ್ತಾರೆ. 500 ಮೀಡಿಯಂ ಬ್ರೌನ್, 400 ಡಾರ್ಕ್ ಬ್ರೌನ್ ಎರಡೂ ಸಮಬಣ್ಣಗಳು. ಖಾಲಿ ಎಳೆಯ ಮೇಲೆ ನೇರವಾಗಿ ಬಿದ್ದರೆ ಸಪ್ಪೆಯಾಗಿ, ಮಣ್ಣುಮಣ್ಣಾಗಿ ಕಾಣುತ್ತವೆ. 415 ಐಸ್ಡ್ ಚಾಕೊಲೇಟ್ ಹೆಸರು ಕೇಳಿದರೆ ಆಸೆಯಾಗುತ್ತದೆ, ಆದರೆ ನಡುವಿನ 1 ನೋಡಿ, ಬೂದು ಛಾಯೆ. ಹಳದಿ ಹೈಲೈಟ್ಸ್ ಮೇಲೆ ಮೊದಲ ಸುತ್ತಿಗೆ ಅದನ್ನು ಮುಟ್ಟಬೇಡಿ.

ಲೆವೆಲ್‌ನಲ್ಲೂ ಒಂದು ಮೋಸವಿದೆ. ಬ್ಲೀಚ್ ಆದ ಕೂದಲಿನ ಹೊರಪದರ ಎದ್ದು ನಿಂತಿರುತ್ತದೆ, ಒಣ ಸ್ಪಂಜಿನ ಹಾಗೆ ಬಣ್ಣ ಕುಡಿಯುತ್ತದೆ. ಹಾಗಾಗಿ ಹಚ್ಚಿದ ದಿನ 5 ಹಚ್ಚಿದರೆ 4ರಂತೆ, 4 ಹಚ್ಚಿದರೆ 3ರಂತೆ ಕಾಣುತ್ತದೆ. ಬುಡದ ಕಪ್ಪಿಗೆ ಹೊಂದಲಿ ಎಂದು 300 ತಂದರೆ ಹೈಲೈಟ್ಸ್ ಇದ್ದ ಕಡೆಯಷ್ಟೇ ಹೊಳಪಿಲ್ಲದ ಕಡುಕಪ್ಪು ಪಟ್ಟೆ ಬಂದು ಕೂರುತ್ತದೆ. ಬೇಕಾದ ಬಣ್ಣಕ್ಕಿಂತ ಒಂದು ಲೆವೆಲ್ ತಿಳಿಯದನ್ನೇ ಆರಿಸಿ. ಆಮೇಲೆ ಗಾಢ ಮಾಡುವುದು ಸುಲಭ, ಕಪ್ಪಾದದ್ದನ್ನು ತಿಳಿ ಮಾಡಲು ಮತ್ತೆ ಬ್ಲೀಚ್ ಬೇಕು.

ಡಬ್ಬಿಯೊಳಗೆ ಕಲರ್ ಕ್ರೀಮಿನ ಟ್ಯೂಬ್, ಅದರೊಂದಿಗೆ ಕಲಸಿ ಬಣ್ಣ ಹಿಡಿಯುವಂತೆ ಮಾಡುವ 72 ಮಿಲಿ ಡೆವಲಪರ್, ಕಂಡೀಷನರ್, ಕೈಗವಸು ಇವೆ. ಅಮೋನಿಯಾ ಇಲ್ಲ, ಆದ್ದರಿಂದ ಮೂಗಿಗೆ ಹೊಡೆಯುವ ಘಾಟು ಕಡಿಮೆ. ಅದಕ್ಕಿಂತ ಮುಖ್ಯವಾದದ್ದು ಇದು ಬಣ್ಣವನ್ನು ಸೇರಿಸುತ್ತದೆಯೇ ಹೊರತು ಸಹಜ ಕೂದಲನ್ನು ಹೇಳಿಕೊಳ್ಳುವಷ್ಟು ತಿಳಿ ಮಾಡುವುದಿಲ್ಲ. ಈ ಕೆಲಸಕ್ಕೆ ಅದು ವರ. ಬುಡದ ಕಪ್ಪಿಗೆ ಅಲ್ಪಸ್ವಲ್ಪ ತಗುಲಿದರೂ ಅಲ್ಲಿ ಕೆಂಪು ಏಳುವ ಭಯವಿಲ್ಲ. ತಿಳಿ ಮಾಡುವ ಪರ್ಮನೆಂಟ್ ಕಲರ್‌ನಲ್ಲಿ ಆ ಭಯ ಇದ್ದೇ ಇದೆ. ಕಂಡೀಷನರ್ ನಿಜಕ್ಕೂ ಚೆನ್ನಾಗಿದೆ, ಬ್ಲೀಚ್‌ನಿಂದ ಒರಟಾದ ತುದಿಗಳು ಮೊದಲ ತೊಳೆತಕ್ಕೇ ಸಿಕ್ಕು ಬಿಡಿಸಿಕೊಳ್ಳುತ್ತವೆ.

ಕೊರತೆಗಳೂ ಇವೆ. ಬ್ರಷ್ ಇಲ್ಲ. ಬಾಟಲಿಯ ಮೂತಿಯಿಂದಲೇ ಹಿಂಡಿ ಹಚ್ಚುವ ವಿಧಾನ ಇಡೀ ತಲೆಗೆ ಸರಿ, ಎಳೆ ಹಿಡಿದು ಹಚ್ಚಬೇಕಾದ ಹೈಲೈಟ್ಸ್‌ಗೆ ಸಾಲದು. ಒಂದು ಕಲರ್ ಬ್ರಷ್ ಮತ್ತು ಪ್ಲಾಸ್ಟಿಕ್ ಬಟ್ಟಲು ಬೇರೆ ಕೊಳ್ಳಿ, ಲೋಹದ ಬಟ್ಟಲು ಬೇಡ. ಭುಜ ದಾಟಿದ ದಟ್ಟ ಕೂದಲಿನ ತುಂಬ ಹೈಲೈಟ್ಸ್ ಇದ್ದರೆ ಒಂದು ಡಬ್ಬಿ ಸಾಲುವುದಿಲ್ಲ, ಎರಡು ಇಟ್ಟುಕೊಂಡೇ ಶುರು ಮಾಡಿ. ಅರ್ಧ ತಲೆಗೆ ಮುಗಿದುಹೋದರೆ ಉಳಿದರ್ಧ ಬೇರೆಯೇ ಬಣ್ಣವಾಗುತ್ತದೆ. ಇನ್ನು 28 ತೊಳೆತದವರೆಗೆ ನಿಲ್ಲುತ್ತದೆ ಎಂಬ ಮಾತು ಆರೋಗ್ಯವಾದ ಕೂದಲಿಗೆ ಹೊಂದಬಹುದು. ಬ್ಲೀಚ್ ಆದ ತುದಿಗಳು ಅದಕ್ಕಿಂತ ಬೇಗ ಬಣ್ಣ ಬಿಡುತ್ತವೆ.

ಹಚ್ಚುವ ಮೊದಲು

48 ಗಂಟೆ ಮುಂಚೆ ಕಿವಿಯ ಹಿಂದೆ ಅಥವಾ ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ಅಲರ್ಜಿ ಏಳುತ್ತದೆಯೇ ಎಂದು ನೋಡುವ ಪ್ಯಾಚ್ ಟೆಸ್ಟ್ ಕಡ್ಡಾಯ. ಕೈಗೆ ಹಾಕಿಸಿಕೊಂಡ ಕಪ್ಪು ಮೆಹಂದಿಯಿಂದ ಎಂದಾದರೂ ಗುಳ್ಳೆ, ತುರಿಕೆ ಎದ್ದಿದ್ದವರು ಈ ಬಗೆಯ ಯಾವ ಕಲರನ್ನೂ ಚರ್ಮರೋಗ ವೈದ್ಯರನ್ನು ಕೇಳದೆ ಹಚ್ಚಬಾರದು. ಕಪ್ಪು ಮೆಹಂದಿಗೆ ಬೆರೆಸುವ ಪಿಪಿಡಿ ಎಂಬ ರಾಸಾಯನಿಕಕ್ಕೆ ಒಗ್ಗದ ಮೈ, ಹೇರ್ ಕಲರ್‌ನಲ್ಲಿರುವ ಅದರ ಸಂಬಂಧಿಗಳಿಗೂ ಸಿಡಿದೇಳಬಹುದು.

ಹೈಲೈಟ್ಸ್ ಇರುವವರ ಬಚ್ಚಲಲ್ಲಿ ಹಳದಿ ತಗ್ಗಿಸುವ ನೇರಳೆ ಶಾಂಪೂ ಇದ್ದೇ ಇರುತ್ತದೆ. ಎರಡು ವಾರ ಮೊದಲೇ ಅದನ್ನು ನಿಲ್ಲಿಸಿ. ಅದು ಎಳೆಯ ಮೇಲೆ ಬಿಟ್ಟ ತಣ್ಣನೆಯ ಬಣ್ಣ 535ರ ಬಿಸುಪನ್ನು ಮಂಕು ಮಾಡುತ್ತದೆ. ಬೋರ್‌ವೆಲ್ ನೀರಿನ ಮನೆಯಾದರೆ ಇನ್ನೊಂದು ತೊಡಕು: ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಳೆಗಳ ಮೇಲೆ ಪದರ ಕಟ್ಟಿ ಬಣ್ಣ ಅಲ್ಲಲ್ಲಿ ಹಿಡಿಯುತ್ತದೆ, ಅಲ್ಲಲ್ಲಿ ಜಾರುತ್ತದೆ. ಹಿಂದಿನ ದಿನ ಕ್ಲ್ಯಾರಿಫೈಯಿಂಗ್ ಶಾಂಪೂವಿನಿಂದ, ಅಂದರೆ ಕೂದಲ ಮೇಲೆ ಕೂತ ಜಿಡ್ಡು, ಪದರ ತೆಗೆಯುವ ಶಾಂಪೂವಿನಿಂದ ಒಮ್ಮೆ ತೊಳೆದು, ಕಂಡೀಷನರ್, ಸೀರಂ, ಎಣ್ಣೆ ಏನನ್ನೂ ಹಚ್ಚದೆ ಬಿಡಿ.

ಆಮೇಲೆ ಕುತ್ತಿಗೆಯ ಮೇಲಿನ ಒಳಪದರದಿಂದ ಒಂದು ಹೈಲೈಟ್ ಎಳೆ ಆರಿಸಿ ಪರೀಕ್ಷೆ ಮಾಡಿ. ಟ್ಯೂಬಿನಿಂದಲೂ ಡೆವಲಪರ್‌ನಿಂದಲೂ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳಬೇಕು, ಡಬ್ಬಿಯಲ್ಲಿರುವ ಅವೆರಡರ ಪ್ರಮಾಣ ಕೆಡದಂತೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿಯೇ. 10 ನಿಮಿಷಕ್ಕೆ ಅರ್ಧ ಎಳೆ ಒರೆಸಿ, 20 ನಿಮಿಷಕ್ಕೆ ಉಳಿದರ್ಧ. ತೊಳೆದು, ಒಣಗಿಸಿ, ಹಗಲು ಬೆಳಕಲ್ಲಿ ನೋಡಿ. ಒದ್ದೆ ಕೂದಲು ಹೆಚ್ಚು ಗಾಢವಾಗಿ ಕಾಣುತ್ತದೆ, ಬಚ್ಚಲ ದೀಪ ಬಣ್ಣವನ್ನೇ ಬದಲಿಸುತ್ತದೆ. ಈ ಎಳೆ ಹೇಳುವ ಸಮಯವೇ ನಿಮ್ಮ ತಲೆಗೆ ಸರಿಯಾದ ಸಮಯ.

ತಲೆಗೆ ಮದರಂಗಿ ಹಾಕುವ ಅಭ್ಯಾಸವಿದ್ದವರು ಈ ಪರೀಕ್ಷೆಯನ್ನು ಖಂಡಿತ ಬಿಡಬಾರದು. ಅಪ್ಪಟ ಮದರಂಗಿ ಸೊಪ್ಪಿನ ಪುಡಿಯಿಂದ ತೊಂದರೆಯಿಲ್ಲ. ಲೋಹದ ಲವಣ ಬೆರೆತ ಪುಡಿ ಹಚ್ಚಿದ್ದರೆ ಡೆವಲಪರ್‌ನ ಹೈಡ್ರೋಜನ್ ಪೆರಾಕ್ಸೈಡ್ ತಗುಲಿದ ಕೂಡಲೇ ಎಳೆ ಬಿಸಿಯೇರಿ ತುಂಡಾಗಬಹುದು.

ಹಚ್ಚುವ ಕ್ರಮ

ಕೂದಲು ಪೂರ್ತಿ ಒಣಗಿರಲಿ. ಹಣೆಯಂಚು, ಕಿವಿಗಳಿಗೆ ವ್ಯಾಸಲೀನ್ ಸವರಿ. ಕೂದಲನ್ನು ನಾಲ್ಕು ಪಾಲು ಮಾಡಿ ಕ್ಲಿಪ್ ಹಾಕಿ, ಹಿಂಭಾಗದಿಂದ ಶುರು ಮಾಡಿ. ಮುಖದ ಪಕ್ಕದ ಎಳೆಗಳು ನವಿರಾಗಿದ್ದು ಬೇಗ ಬಣ್ಣ ಕುಡಿಯುವುದರಿಂದ ಅವು ಕೊನೆಗೆ. ಬಾಲದ ಬಾಚಣಿಗೆಯ ತುದಿಯಿಂದ ಹೈಲೈಟ್ ಎಳೆಗಳನ್ನು ಎತ್ತಿ, ಕೆಳಗೊಂದು ಫಾಯಿಲ್ ಇಟ್ಟು, ಬ್ಲೀಚ್ ಶುರುವಾಗುವ ಜಾಗದಿಂದ ಕೆಳಕ್ಕೆ ಬ್ರಷ್‌ನಿಂದ ಹಚ್ಚಿ. ಕೊನೆಯ ಎರಡು ಮೂರು ಅಂಗುಲ ತುದಿಯನ್ನು ಮೊದಲು ಬಿಟ್ಟು, ಅವಧಿಯ ಕೊನೆಯ 5ರಿಂದ 8 ನಿಮಿಷಕ್ಕೆ ಸವರಿ. ತುದಿಯೇ ಅತಿ ಹಳೆಯದು, ಅತಿ ಸವೆದದ್ದು, ಮೊದಲೇ ಹಚ್ಚಿದರೆ ಅಲ್ಲೇ ಕಪ್ಪು ಗಟ್ಟಿಯಾಗುತ್ತದೆ.

ಕಲಸಿದ ಕ್ರೀಮು ನಿಮಿಷ ಕಳೆದಂತೆ ತಾನೇ ಗಾಢವಾಗುತ್ತದೆ. ಅದನ್ನು ನೋಡಿ ಹೆದರಿ ತೊಳೆಯಬೇಡಿ, ಒದ್ದೆ ಟಿಶ್ಯೂವಿನಿಂದ ಒಂದು ಎಳೆ ಒರೆಸಿ ಅಡಿಯ ಬಣ್ಣ ನೋಡಿ. ಡ್ರೈಯರ್ ಬಿಸಿ, ಸ್ಟೀಮ್ ಬೇಡವೇ ಬೇಡ. ಎಳೆ ಪರೀಕ್ಷೆ ಹೇಳಿದ ಸಮಯ ಪಾಲಿಸಿ, ಹೆಚ್ಚೆಂದರೆ 20 ನಿಮಿಷ. ಮೇಲೆ ಐದು ನಿಮಿಷ ಬಿಟ್ಟರೆ ಬಣ್ಣ ಹೆಚ್ಚು ದಿನ ನಿಲ್ಲುತ್ತದೆ ಎಂದು ನಂಬಬೇಡಿ, ಗಾಢವಾಗುತ್ತದೆ ಅಷ್ಟೇ. ನೀರು ತಿಳಿಯಾಗುವವರೆಗೆ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಕಂಡೀಷನರ್ ಹಚ್ಚಿ. ಕಲಸಿ ಉಳಿದದ್ದನ್ನು ಬಾಟಲಿಯಲ್ಲಿ ಮುಚ್ಚಿಡಬೇಡಿ, ಒಳಗೆ ಅನಿಲ ತುಂಬಿ ಬಾಟಲಿ ಒಡೆಯಬಹುದು.

ನಿಮ್ಮ ಹೈಲೈಟ್ಸ್ 7ನೇ ಲೆವೆಲ್‌ನವರೆಗಿನ ಜೇನುಬಣ್ಣ, ಕ್ಯಾರಮೆಲ್ ಆಗಿದ್ದರೆ ಕೆಲಸ ಇಲ್ಲಿಗೇ ಮುಗಿಯಿತು. ಕಪ್ಪು ಬುಡದ ಪಕ್ಕದಲ್ಲಿ ಬಿಸಿಲಿಗೆ ಮಾತ್ರ ಗೊತ್ತಾಗುವ ಬೆಚ್ಚನೆಯ ಕಂದು ಸಿಗುತ್ತದೆ, ನಮ್ಮ ಮೈಬಣ್ಣಗಳಿಗೆ ಅದು ತುಂಬ ಒಪ್ಪುತ್ತದೆ. 8, 9ರ ಹಳದಿಯಾಗಿದ್ದರೆ 535 ಮೊದಲ ದಿನ ಚೆಂದ ಕಂಡು, ಐದಾರು ತೊಳೆತಕ್ಕೆ ತಾಮ್ರದತ್ತ ಸರಿಯುತ್ತದೆ. ಗಾಬರಿ ಬೇಡ, ಕಾಣೆಯಾಗಿದ್ದ ಕೆಂಪು ಈಗ ಒಳಗೆ ಕೂತಿದೆ ಎಂದೇ ಅದರ ಅರ್ಥ. ಎರಡು ವಾರ ಬಿಟ್ಟು ಅದೇ ಎಳೆಗಳಿಗೆ 400 ಹಚ್ಚಿ, 10 ನಿಮಿಷಕ್ಕೆ ಪರೀಕ್ಷಿಸಿ. ಈಗ ಅದಕ್ಕೆ ಕೂರಲು ನೆಲ ಸಿಕ್ಕಿರುತ್ತದೆ, ಮಂಕಾಗುವುದಿಲ್ಲ, ಹಸಿರೂ ಆಗುವುದಿಲ್ಲ. ಮದುವೆಗೆ ಮೂರು ದಿನ ಇರುವಾಗ ಈ ಕೆಲಸಕ್ಕೆ ಕೈ ಹಾಕಬಾರದು ಎನ್ನುವುದು ಇದಕ್ಕೇ. ಕನಿಷ್ಠ ಮೂರು ವಾರ ಕೈಯಲ್ಲಿರಲಿ.

ಕೆಟ್ಟರೆ ಏನು ಮಾಡಬೇಕು? ಹಸಿರು ಕಂಡರೆ ಇನ್ನಷ್ಟು ಕಂದು ಹಚ್ಚಬೇಡಿ, ಹಸಿರನ್ನು ಕಡಿಯುವುದು ಕೆಂಪು. ಎರಡು ದಿನ ಬಿಟ್ಟು 535ನ್ನು 5ರಿಂದ 10 ನಿಮಿಷ ಹಚ್ಚಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ತೀರಾ ಗಾಢವಾದರೆ ಮೊದಲೆರಡು ದಿನ ಕ್ಲ್ಯಾರಿಫೈಯಿಂಗ್ ಶಾಂಪೂವಿನಲ್ಲಿ ತೊಳೆದು, ಪ್ರತಿ ಸಲ ಕಂಡೀಷನರ್ ಹಚ್ಚಿ, ಒಂದಿಷ್ಟು ಇಳಿಯುತ್ತದೆ, ಉಳಿದದ್ದಕ್ಕೆ ಕಾಯಬೇಕು. ಮನೆಯಲ್ಲಿ ಬ್ಲೀಚ್ ಮಾಡಿ ತೆಗೆಯಲು ಹೋಗಬೇಡಿ. ಒದ್ದೆಯಿರುವಾಗ ಎಳೆ ರಬ್ಬರಿನಂತೆ ಹಿಗ್ಗಿ ತುಂಡಾಗುತ್ತಿದ್ದರೆ ಯಾವ ಕಲರೂ ಬೇಡ, ತುದಿ ಕತ್ತರಿಸಿ ಕೆಲವು ವಾರ ಆರೈಕೆ ಮಾಡಿ.

ಬೇರೆ ದಾರಿಗಳ ಬಗ್ಗೆಯೂ ಎರಡು ಮಾತು. ಗೋದ್ರೇಜ್ ಎಕ್ಸ್‌ಪರ್ಟ್ ರಿಚ್ ಕ್ರೀಮ್‌ನ 20 ಗ್ರಾಂ, 20 ಮಿಲಿ ಸ್ಯಾಶೆ ಬಿಳಿ ಕೂದಲು ಮುಚ್ಚಲೆಂದು ಇರುವಂಥದ್ದು. ಸ್ಯಾಶೆಯ ಅಳತೆ ಎಳೆ ಪರೀಕ್ಷೆಗೂ ಮುಖದ ಪಕ್ಕದ ನಾಲ್ಕೈದು ಎಳೆಗೂ ಅನುಕೂಲ, ಆದರೆ ಬ್ಲೀಚ್ ಆದ ಕೂದಲಿನಲ್ಲಿ ಅದರ ಕಂದು ಬೇಗ ಕಡುವಾಗುತ್ತದೆ, 5 ನಿಮಿಷಕ್ಕೊಮ್ಮೆ ಒರೆಸಿ ನೋಡಬೇಕು. ನೀಲಿ ಎಲೆಯ ಪುಡಿ, ಅಂದರೆ ಇಂಡಿಗೋ, ಹಳದಿ ಎಳೆಗೆ ನೇರವಾಗಿ ಬಿದ್ದರೆ ಹಸಿರು ಖಚಿತ. ಮೊದಲು ಮದರಂಗಿ, ಆಮೇಲೆ ಇಂಡಿಗೋ ಎಂಬ ಹಳೆಯ ಕ್ರಮದ ಹಿಂದೆಯೂ ಕೆಂಪು ಮೊದಲು ಎಂಬ ಇದೇ ತತ್ವವಿದೆ. ತಲೆಯ ಅರ್ಧಕ್ಕಿಂತ ಹೆಚ್ಚು 9, 10ಕ್ಕೆ ಹೋಗಿದ್ದರೆ ಸಲೂನ್‌ಗೇ ಹೋಗಿ, ‘ಮೊದಲು ಫಿಲ್ಲಿಂಗ್ ಮಾಡುತ್ತೀರಾ, ಯಾವ ಶೇಡ್‌ನಲ್ಲಿ?’ ಎಂದು ಕೇಳಿ. ತಾಮ್ರ ಅಥವಾ ಹೊನ್ನಿನ ಛಾಯೆ ಎಂದು ಉತ್ತರ ಬಂದರೆ ಕುಳಿತುಕೊಳ್ಳಿ. ನೇರವಾಗಿ ಬ್ರೌನ್ ಹಚ್ಚಿಬಿಡುತ್ತೇವೆ ಎಂದರೆ ಎದ್ದು ಬನ್ನಿ.

ಹಚ್ಚಿದ ಮೇಲೆ ಎರಡು ದಿನ ಶಾಂಪೂ ಬೇಡ. ಆಮೇಲೆ ವಾರಕ್ಕೆ ಎರಡೇ ಸಲ, ಸಲ್ಫೇಟ್ ಇಲ್ಲದ ಶಾಂಪೂ, ಬಿಸಿ ಕಡಿಮೆಯಿರುವ ನೀರು. ಎಣ್ಣೆ ಸ್ನಾನಕ್ಕೆ ಸೀಗೆಕಾಯಿ ತಿಕ್ಕಿದರೆ ಬಣ್ಣ ಬೇಗ ಇಳಿಯುತ್ತದೆ, ಒಂದು ತಿಂಗಳು ತಡೆಯಿರಿ. ಐದಾರು ವಾರಕ್ಕೆ ಕಿತ್ತಳೆ ಇಣುಕಿದರೆ ಕಂದು ಕೂದಲಿಗೆಂದೇ ಇರುವ ನೀಲಿ ಶಾಂಪೂವನ್ನು ಎರಡು ವಾರಕ್ಕೊಮ್ಮೆ 2 ನಿಮಿಷ ಬಳಸಿ. ಮುಂದಿನ ಸುತ್ತಿನಲ್ಲಿ ಮಾಸಿದ ಎಳೆಗಳಿಗೆ ಮಾತ್ರ, 10 ನಿಮಿಷ ಸಾಕು.