ಹಳೆ ಓಮ್ನಿಯ ಹೆಡ್ ಲೀಕ್: ಬಾಟಲಿ, ಬರೀ ಗ್ಯಾಸ್ಕೆಟ್, ಫೇಸಿಂಗ್

ನಮ್ಮದು ಸಕಲೇಶಪುರ. ಮದುವೆ ಮನೆಗಳಿಗೆ ಅಡುಗೆ ಪಾತ್ರೆ ಸಾಗಿಸುವುದು ಕೆಲಸ. ಗಾಡಿ 1998ರ ಮಾರುತಿ ಓಮ್ನಿ. ಕಾರ್ಬುರೇಟರ್ ಇಂಜಿನ್, 796 ಸಿಸಿ, ಮೂರು ಸಿಲಿಂಡರ್. ಪಾತ್ರೆ ತುಂಬಿಕೊಂಡು ಶಿರಾಡಿ ಘಾಟಿ ಹತ್ತುವಾಗ ಆ ಪುಟ್ಟ ಇಂಜಿನ್ ಎಷ್ಟು ಕಷ್ಟಪಡುತ್ತದೆ ಅಂತ ಓಡಿಸಿದವರಿಗೆ ಗೊತ್ತು. ಮಾರನಹಳ್ಳಿ ಹತ್ತಿರ ಒಮ್ಮೆ ನೀರೆಲ್ಲ ಕುದಿದು ಹೊರಗೆ ಬಂತು. ಹೆಡ್ ಲೀಕ್ ಶುರುವಾಗಿದ್ದು ಅಲ್ಲಿಂದ. ಹೆಡ್ ಅಂದರೆ ಇಂಜಿನ್ ಬ್ಲಾಕಿನ ಮೇಲೆ ಮುಚ್ಚಳದ ಹಾಗೆ ಕೂರುವ ಭಾಗ. ಎರಡರ ನಡುವೆ ಸೋರದ ಹಾಗೆ ಇಡುವ ತೆಳು ಹಾಳೆಯೇ ಹೆಡ್ ಗ್ಯಾಸ್ಕೆಟ್. ಅದಕ್ಕೆ ಮೂರು ಬಗೆಯ ರಿಪೇರಿ ಮಾಡಿಸಿ ನೋಡಿದ್ದೇನೆ.

ಲೀಕ್ ಹೌದೋ ಅಲ್ಲವೋ ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ. ಆಯಿಲ್ ಮುಚ್ಚಳದ ಒಳಗೆ ಬೆಣ್ಣೆ ಥರ ಬಿಳಿ ಕಂಡ ಕೂಡಲೇ ಹೆದರಬೇಡಿ. ಮಳೆಗಾಲದಲ್ಲಿ ಬರೀ ಪೇಟೆಗೆ ಹೋಗಿ ಬರುತ್ತಿದ್ದರೂ ಅದು ಕಟ್ಟಿಕೊಳ್ಳುತ್ತದೆ. ಇಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಗುಳ್ಳೆ ನಿಲ್ಲದೆ ಬರುತ್ತಲೇ ಇದ್ದರೆ, ಹೊರಗೆಲ್ಲೂ ಸೋರದೆ ದಿನಾ ನೀರು ಕಮ್ಮಿಯಾಗುತ್ತಿದ್ದರೆ, ಅನುಮಾನ ಹೆಡ್ ಗ್ಯಾಸ್ಕೆಟ್ ಮೇಲೆಯೇ.

ಮೊದಲು ಹಾಕಿದ್ದು ಬಾಟಲಿ. ರೇಡಿಯೇಟರಿಗೆ ಸುರಿಯುವ ಸೀಲರ್. ಇಂಥವುಗಳಲ್ಲಿ ಹಲವಕ್ಕೆ ಸೋಡಿಯಂ ಸಿಲಿಕೇಟ್ ಹಾಕಿರುತ್ತಾರೆ. ಬಿಸಿಗೆ ಅದು ಗಟ್ಟಿಯಾಗಿ ಸಂದು ಮುಚ್ಚುತ್ತದೆ. ಕೆಲಸ ಮಾಡಲಿಲ್ಲ ಅಂತ ಹೇಳಲಾರೆ. ಎರಡು ತಿಂಗಳು ಗಾಡಿ ಚೆನ್ನಾಗಿಯೇ ಓಡಿತು. ಆಮೇಲೆ ಮತ್ತೆ ಹೀಟ್. ಈ ಸಲ ರೇಡಿಯೇಟರಿನ ಸಣ್ಣ ನಳಿಗೆಗಳೂ ಕಟ್ಟಿಕೊಂಡಿದ್ದವು. ಅದನ್ನು ಬಿಚ್ಚಿ ಕ್ಲೀನ್ ಮಾಡಿಸಲು ಬಾಟಲಿಗಿಂತ ಜಾಸ್ತಿ ದುಡ್ಡು ಹೋಯಿತು. ನಡುದಾರಿಯಲ್ಲಿ ನಿಂತ ಗಾಡಿಯನ್ನು ಊರು ಮುಟ್ಟಿಸಲು, ಇಲ್ಲವೇ ಗುಜರಿಗೆ ಹೋಗುವ ಗಾಡಿಗೆ ಸರಿ. ದುಡಿಯುವ ಗಾಡಿಗೆ ಬೇಡ.

ಎರಡನೆಯದು ಬರೀ ಗ್ಯಾಸ್ಕೆಟ್ ಬದಲಾವಣೆ. ನಮ್ಮ ಕಡೆ ಜಾಸ್ತಿ ನಡೆಯುವುದು ಇದೇ. ಓಮ್ನಿಯಲ್ಲಿ ಮುಂದಿನ ಸೀಟ್ ಎತ್ತಿದರೆ ಇಂಜಿನ್ ಸಿಗುತ್ತದೆ, ಹಾಗಾಗಿ ಒಂದೇ ದಿನದ ಕೆಲಸ. ಹುಡುಗ ಹೆಡ್ ಇಳಿಸಿದ, ಬ್ಲೇಡಿನಲ್ಲಿ ಕೆರೆದ, ಹೊಸ ಗ್ಯಾಸ್ಕೆಟ್ ಕೂರಿಸಿದ, ಕೈ ಅಂದಾಜಿನಲ್ಲಿ ಬೋಲ್ಟ್ ಬಿಗಿದ. "ಅಣ್ಣಾ, ಇನ್ನು ಚಿಂತೆ ಇಲ್ಲ" ಅಂದ. ಎಂಟು ತಿಂಗಳಿಗೆ ಮತ್ತೆ ಅದೇ ಗುಳ್ಳೆ.

ಆ ಗ್ಯಾಸ್ಕೆಟ್ ಈಗಲೂ ನನ್ನ ಹತ್ತಿರ ಇದೆ. ಎರಡು ಸಿಲಿಂಡರ್ ನಡುವಿನ ಸಣ್ಣ ಪಟ್ಟಿ ಸುಟ್ಟು ಇದ್ದಿಲಿನ ಹಾಗಾಗಿದೆ. ಅಂಚಿನಲ್ಲಿ ಮಾತ್ರ ಹೊಸದರ ಬಣ್ಣ ಹಾಗೇ ಉಳಿದಿದೆ. ಅಂದರೆ ಹೆಡ್ ಎಲ್ಲ ಕಡೆ ಒಂದೇ ಸಮ ಕೂತೇ ಇರಲಿಲ್ಲ. ಈ ಇಂಜಿನ್ನಿನಲ್ಲಿ ಬ್ಲಾಕ್ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಒಮ್ಮೆ ಜೋರಾಗಿ ಹೀಟ್ ಆದರೆ ಹೆಡ್ ಬೆಂಡ್ ಆಗುತ್ತದೆ. ಬೆಂಡ್ ಆದ ಹೆಡ್ ಕೆಳಗೆ ಎಂಥ ಒಳ್ಳೆ ಗ್ಯಾಸ್ಕೆಟ್ ಇಟ್ಟರೂ ಅಷ್ಟೇ ಅಲ್ವಾ?

ಮೂರನೇ ಸಲ ಹೆಡ್ಡನ್ನು ಹಾಸನದ ಇಂಜಿನ್ ವರ್ಕ್ಸ್‌ಗೆ ಒಯ್ದೆ. ಅಲ್ಲಿನ ಯಜಮಾನರು ಮೊದಲು ಹೆಡ್ ಮೇಲೆ ಉಕ್ಕಿನ ನೇರ ಪಟ್ಟಿ ಇಟ್ಟರು. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. ಪಟ್ಟಿಯ ಕೆಳಗೆ ಸಂದು ಅಳೆಯುವ ಫೀಲರ್ ಗೇಜಿನ ತೆಳು ಎಲೆ ತೂರಿಸಿ ನೋಡಿದರು. ಸಂದು 0.05 ಮಿಲಿಮೀಟರ್ ದಾಟಬಾರದು. ನಮ್ಮದರಲ್ಲಿ ನಡುವೆ 0.15ರ ಎಲೆ ಸಲೀಸಾಗಿ ಹೋಯಿತು. "ನೀವೇ ಎಳೆದು ನೋಡಿ" ಅಂತ ಗೇಜ್ ನನ್ನ ಕೈಗೇ ಕೊಟ್ಟರು. ಮಾತಿನಲ್ಲಿ ಹೇಳಿದ್ದರೆ ನಾನು ನಂಬುತ್ತಿರಲಿಲ್ಲವೇನೋ.

ಪ್ರೆಶರ್ ಟೆಸ್ಟ್‌ನಲ್ಲಿ ಕ್ರ್ಯಾಕ್ ಕಾಣಲಿಲ್ಲ. ಕ್ರ್ಯಾಕ್ ಇದ್ದಿದ್ದರೆ ಫೇಸಿಂಗ್, ಅಂದರೆ ಹೆಡ್ಡಿನ ತಳವನ್ನು ಮಿಷನ್ನಿನಲ್ಲಿ ಕೆತ್ತಿ ಮಟ್ಟ ಮಾಡುವುದು, ಸುಮ್ನೆ ದಂಡ. ಆಮೇಲೆ ಬೇಕಾದಷ್ಟೇ ತೆಳುವಾಗಿ ಫೇಸಿಂಗ್ ಹೊಡೆದರು. ಜಾಸ್ತಿ ತೆಗೆದರೆ ಕಂಪ್ರೆಶನ್ (ಸಿಲಿಂಡರಿನ ಒಳಗಿನ ಒತ್ತಡ) ಏರಿ ಇಂಜಿನ್ ನಾಕ್ ಮಾಡುತ್ತದೆ, ಟಕಟಕ ಬಡಿಯುತ್ತದೆ. ವಾಲ್ವ್ ಗ್ರೈಂಡಿಂಗೂ ಅಲ್ಲೇ ಆಯಿತು.

ಜೋಡಿಸುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಬ್ಲಾಕಿನ ಬೋಲ್ಟ್ ತೂತುಗಳಿಗೆ ಗಾಳಿ ಹೊಡೆದು ನೀರು, ಆಯಿಲ್ ತೆಗೆಸಿದೆ. ಒಳಗೆ ನೀರು ಉಳಿದರೆ ಬೋಲ್ಟ್ ಬಿಗಿಯಾದ ಹಾಗೆ ಅನಿಸುತ್ತದೆ, ಆದರೆ ಹೆಡ್ಡನ್ನು ಒತ್ತಿ ಹಿಡಿದಿರುವುದಿಲ್ಲ. ಬ್ಲಾಕ್ ಸೀಳುವುದೂ ಉಂಟು. ನಡುವಿನ ಬೋಲ್ಟಿನಿಂದ ಶುರು ಮಾಡಿ ಹೊರಗಿನವಕ್ಕೆ, ಎರಡು ಮೂರು ಸುತ್ತಿನಲ್ಲಿ, ಬಿಗಿ ಎಷ್ಟು ಅಂತ ಅಳೆಯುವ ಟಾರ್ಕ್ ರೆಂಚಿನಲ್ಲೇ ಬಿಗಿಸಿದೆ. ಟೈಮಿಂಗ್ ಬೆಲ್ಟ್ ಹೇಗೂ ಬಿಚ್ಚಿತ್ತು, ಹೊಸದು ಹಾಕಿಸಿದೆ. ಖರ್ಚು ಎರಡನೇ ರಿಪೇರಿಗಿಂತ ಎರಡು ಪಟ್ಟಿಗೂ ಮೇಲೆ. ಗಾಡಿ ನಾಲ್ಕು ದಿನ ನಿಂತಿತು, ಎರಡು ಮದುವೆಗೆ ಬಾಡಿಗೆ ಗಾಡಿ ಹಿಡಿಯಬೇಕಾಯಿತು. ಆದರೂ ಈ ಮೂರರಲ್ಲಿ ನನ್ನ ಓಟು ಇದಕ್ಕೇ. ಈಗ ಮೂರನೇ ವರ್ಷ.

ಗುಜರಿಯ ಹಳೆ ಹೆಡ್ ಹಾಕೋಣ ಅಂತಲೂ ಒಬ್ಬರು ಹೇಳಿದ್ದರು. ಅದನ್ನೂ ಅಳೆದು ಫೇಸಿಂಗ್ ಮಾಡಿಸಲೇಬೇಕು. ನಮ್ಮ ಹೆಡ್ ಕ್ರ್ಯಾಕ್ ಆಗದ ಮೇಲೆ ಅದು ಯಾಕೆ?

ಇನ್ನೊಂದು ಮಾತು. ಗಾಡಿ ಹೀಟ್ ಆದ ಕಾರಣ ಹಾಗೇ ಉಳಿದರೆ ಮೂರನೇ ರಿಪೇರಿಯೂ ನಿಲ್ಲುವುದಿಲ್ಲ. ನಮ್ಮದರಲ್ಲಿ ಥರ್ಮೋಸ್ಟಾಟ್, ಅಂದರೆ ಇಂಜಿನ್ ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್, ತೆರೆಯದೆ ಅಂಟಿಕೊಂಡಿತ್ತು. ಕೆಲವರು ಅದನ್ನು ಕಿತ್ತು ಬಿಸಾಡುತ್ತಾರೆ. ನಾನು ಹೊಸದು ಹಾಕಿಸಿದೆ. ಓಮ್ನಿಯಲ್ಲಿ ರೇಡಿಯೇಟರ್ ಮುಂದೆ, ಇಂಜಿನ್ ಸೀಟಿನ ಕೆಳಗೆ. ನಡುವಿನ ಉದ್ದ ಪೈಪಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಮೂತಿ ಏರಿನ ಕಡೆ ಇಟ್ಟು ನಿಲ್ಲಿಸಿ, ನಿಧಾನವಾಗಿ ಕೂಲೆಂಟ್ ತುಂಬಿ, ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ.

ಘಾಟಿ ಹತ್ತಿ ಬಂದ ಮರುದಿನ ಬೆಳಿಗ್ಗೆ ಈಗಲೂ ಮುಚ್ಚಳ ತೆಗೆದು ನೋಡುತ್ತೇನೆ. ಹಸಿರು ಕೂಲೆಂಟ್ ಕತ್ತಿನವರೆಗೂ ಹಾಗೇ ಇರುತ್ತದೆ.