ಶಿಕ್ಷಣ ಕಾನೂನಿನ ಕೆಲಸ: ಹೈಕೋರ್ಟ್, ಸಂಸ್ಥೆ, ಶಾಲೆ ಮೂರೂ ಕಡೆ ದುಡಿದು ನೋಡಿದ್ದು

ಮಕ್ಕಳ ಹಕ್ಕಿನ ಕೇಸುಗಳಲ್ಲೇ ದುಡಿಯಬೇಕು ಅನ್ನುವ ಹೊಸ ವಕೀಲರು ನನ್ನನ್ನು ಕೇಳುತ್ತಿರುತ್ತಾರೆ, ಎಲ್ಲಿ ಸೇರೋಣ ಅಂತ. ಮೂರು ಕಡೆ ಕೆಲಸ ಮಾಡಿದ್ದೇನೆ. ಮೂರನ್ನೂ ಒಂದೇ ಪ್ರಶ್ನೆ ಇಟ್ಟು ನೋಡಿದೆ: ಮಗುವಿನ ಆ ಶಾಲಾ ವರ್ಷ ಉಳಿಯಿತಾ?

ಮೊದಲು ಹೈಕೋರ್ಟ್. ಸೀನಿಯರ್ ಒಬ್ಬರ ಕೈಕೆಳಗೆ ಎರಡು ವರ್ಷ ರಿಟ್ ಅರ್ಜಿ, ಅಂದರೆ ಹಕ್ಕಿಗೆ ಧಕ್ಕೆಯಾದಾಗ ನೇರ ಹೈಕೋರ್ಟಿಗೆ ಹಾಕುವ ಅರ್ಜಿ ಬರೆದೆ. ಕಾನೂನು ಕಲಿಯಲು ಇದಕ್ಕಿಂತ ಒಳ್ಳೆ ಜಾಗ ನನಗೆ ಸಿಗಲಿಲ್ಲ. ಸುಪ್ರೀಂ ಕೋರ್ಟಿನ 1992ರ ಮೋಹಿನಿ ಜೈನ್ ತೀರ್ಪು ನಮ್ಮ ರಾಜ್ಯದ ಖಾಸಗಿ ಮೆಡಿಕಲ್ ಕಾಲೇಜಿನ ಶುಲ್ಕದ ಜಗಳದಿಂದಲೇ ಹುಟ್ಟಿದ್ದು. ಒಬ್ಬ ವಿದ್ಯಾರ್ಥಿನಿಯ ಅರ್ಜಿಯಿಂದ ದೇಶವೆಲ್ಲ ಶಿಕ್ಷಣದ ಹಕ್ಕಿನ ಬಗ್ಗೆ ಮಾತಾಡುವಂತಾಯಿತು. ಆದರೆ ಜೂನ್‌ನಲ್ಲಿ ಸೀಟು ತಪ್ಪಿದ ಮಗುವಿನ ಅರ್ಜಿಗೆ ವಾಯಿದೆ ಮೇಲೆ ವಾಯಿದೆ ಬಿದ್ದು ಡಿಸೆಂಬರ್ ಬಂದಿದ್ದನ್ನೂ ಕಂಡಿದ್ದೇನೆ. ಸಂಬಳ ಬಸ್ಸಿಗೆ, ಬಾಡಿಗೆಗೆ ಸಾಲುತ್ತಿರಲಿಲ್ಲ.

ಆಮೇಲೆ ಮಕ್ಕಳ ಹಕ್ಕಿನ ಒಂದು ಸಂಸ್ಥೆ. ಅಲ್ಲಿ ಗೌರವಧನದ ಮೇಲೆ ಕೇಸು ನೋಡುತ್ತಿದ್ದೆ. ಒಬ್ಬ ತಾಯಿ ಬಂದರು. ಫೀಸು ಬಾಕಿ ಅಂತ ಹಳೆ ಶಾಲೆ ಐದನೇ ಕ್ಲಾಸಿನ ಹುಡುಗಿಯ ಟಿಸಿ ಕೊಡುತ್ತಿಲ್ಲ, ಟಿಸಿ ಇಲ್ಲದೆ ಸರ್ಕಾರಿ ಶಾಲೆ ಸೇರಿಸಿಕೊಳ್ಳುತ್ತಿಲ್ಲ. 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಟಿಸಿ ತಡವಾಯಿತು ಅಂತ ದಾಖಲಾತಿ ನಿರಾಕರಿಸುವ ಹಾಗಿಲ್ಲ. ಆ ಪುಟದ ಜೆರಾಕ್ಸ್ ಹಿಡಿದು ತಾಯಿಯ ಜೊತೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೂತೆ. ನಾಲ್ಕನೇ ದಿನ ಹುಡುಗಿ ಕ್ಲಾಸಿನಲ್ಲಿದ್ದಳು. ಮಗುವಿಗೆ ಹೊಡೆದ ಪ್ರಕರಣಗಳನ್ನು ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಒಯ್ಯುತ್ತಿದ್ದೆವು. ಆಯೋಗ ಅಧಿಕಾರಿಗಳನ್ನು ಕರೆಸಿ ವಿಚಾರಿಸಬಲ್ಲದು, ಕೊನೆಗೆ ಕೊಡುವುದು ಶಿಫಾರಸು ಮಾತ್ರ. ಅದು ಸಾಲದಿದ್ದಾಗ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಮಕ್ಕಳಿಗೆ, ಹೆಂಗಸರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರು ಉಚಿತ. ಇದು ಎಷ್ಟೋ ತಾಯಂದಿರಿಗೆ ಗೊತ್ತೇ ಇಲ್ಲ, ನೋಡಿ ಹೊಟ್ಟೆ ಉರಿಯುತ್ತದೆ.

ಮೂರನೆಯದು ಖಾಸಗಿ ಶಾಲೆಗಳ ಕಾನೂನು ಸಲಹೆಗಾರ ಹುದ್ದೆ. ಸಂಬಳ ಜಾಸ್ತಿ. ಹೊಡೆಯಬಾರದು, ಹೀಯಾಳಿಸಬಾರದು ಅನ್ನುವ ಅದೇ ಆರ್‌ಟಿಇ ಕಾಯ್ದೆಯ 17ನೇ ಸೆಕ್ಷನ್ ಬಗ್ಗೆ ಶಿಕ್ಷಕರಿಗೆ ತರಬೇತಿ ಕೊಟ್ಟೆ. ಅದು ನಿಜಕ್ಕೂ ಒಳ್ಳೆ ಕೆಲಸ. ಆದರೆ ಪೋಷಕರ ದೂರು ಬಂದಾಗ ಆಡಳಿತ ಮಂಡಳಿಯ ಪರ ಉತ್ತರ ಬರೆಯಬೇಕಿತ್ತು. ಎಂಟು ತಿಂಗಳಿಗೆ ಬಿಟ್ಟೆ.

ನನ್ನ ಆಯ್ಕೆ ಸಂಸ್ಥೆಯೇ. ಆದರೆ ನೇರವಾಗಿ ಹೋಗಬೇಡಿ. ಕೋರ್ಟಿನ ಆ ಎರಡು ವರ್ಷ ಇಲ್ಲದಿದ್ದರೆ ಬಿಇಒ ಎದುರು ಸೆಕ್ಷನ್ ಹೇಳುವ ಧೈರ್ಯ ನನಗೆ ಬರುತ್ತಿರಲಿಲ್ಲ. ಇನ್ನೊಂದು ಮಾತು. ಪೂರ್ಣಾವಧಿ ಸಂಬಳದ ಕೆಲಸ ಹಿಡಿದರೆ ವಕೀಲಿ ನಿಲ್ಲಿಸಿ ವಕೀಲರ ಪರಿಷತ್ತಿಗೆ ತಿಳಿಸಬೇಕು. ಸಹಿ ಹಾಕುವ ಮುಂಚೆ ಇದನ್ನು ಕೇಳಿಕೊಳ್ಳಿ.